ವಿಸಿಲ್ ಹಿಡಿದವಳು

ಹಗ್ಗದ ನಡುವೆ ಕಟ್ಟಿದ್ದ ಕೆಂಪು ಬಟ್ಟೆ ಗೆರೆ ದಾಟಿತ್ತು. ಆದರೂ ನಮಿತಾ ಬಾಯಲ್ಲಿದ್ದ ವಿಸಿಲ್ ಊದಲಿಲ್ಲ. ಅವಳ ತಮ್ಮ ಪ್ರವೀತ್ ಮತ್ತು ಅವನ ವಿಶೇಷ ಶಾಲೆಯ ಗೆಳೆಯರು ಹಗ್ಗವನ್ನು ಕಡಲಿನತ್ತ ಎಳೆಯುತ್ತಲೇ ಇದ್ದರು. ಎದುರು ತಂಡದ ಕೊನೆಯಲ್ಲಿ ಊರಿನ ಕ್ಲಬ್ಬಿನ ಅಧ್ಯಕ್ಷ ಲೋಕಯ್ಯ ಹಗ್ಗವನ್ನು ಸೊಂಟಕ್ಕೆ ಬಿಗಿದು ನಿಂತಿದ್ದ.

ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಈ ಹುಡುಗರಿಗೆ ಶಿರಿಯದ ಕಡಲ ತೀರದಲ್ಲಿ ಅಂದು ಸನ್ಮಾನ, ಅದರ ನಂತರ ಊರವರೊಂದಿಗೆ ಹಗ್ಗಜಗ್ಗಾಟ. ಹಾರ ಹಾಕಿ ಫೋಟೊ ತೆಗೆಸಿಕೊಂಡವರಲ್ಲಿ ಲೋಕಯ್ಯನೇ ಮೊದಲಿಗ. ಹಿಂದಿನ ವರ್ಷ ಇದೇ ಮರಳಿನಲ್ಲಿ ಪ್ರವೀತನ ಕೈಯಿಂದ ಹಗ್ಗ ಕಿತ್ತುಕೊಂಡವನೂ ಅವನೇ. "ವಿಸಿಲ್ ಊದಿದರೂ ಬಿಡುದಿಲ್ಲ ಇವ. ಬುದ್ಧಿ ಇಲ್ಲದವನಿಗೆ ಎಂತಕ್ಕೆ ಆಟ?" ಎಂದಿದ್ದ. ಈ ಸಲ ವಿಸಿಲನ್ನು ನಮಿತಾ ತಾನಾಗಿ ಕೇಳಿ ಪಡೆದಿದ್ದಳು.

"ಊದು ಮಾರಾಯ್ತಿ, ನಾವು ಸೋತೆವು," ಎಂದು ಲೋಕಯ್ಯ ಕೂಗಿದ. ಅವನ ತಂಡದ ಮೀನುಗಾರರು ನಮಿತಾಳ ಮುಖ ನೋಡಿ ಅರ್ಥ ಮಾಡಿಕೊಂಡರು. ಒಬ್ಬೊಬ್ಬರಾಗಿ ಹಗ್ಗ ಬಿಟ್ಟು, ಈಚೆ ಬಂದು ಪ್ರವೀತನ ತಂಡದ ಹಿಂದೆ ಕೈಹಚ್ಚಿದರು. ನೋಡುತ್ತ ನಿಂತಿದ್ದ ಹೆಂಗಸರೂ ದಡಕ್ಕೆ ಬಲೆ ಎಳೆಯಲು ಬರುವಂತೆ ಸೆರಗು ಸಿಕ್ಕಿಸಿಕೊಂಡು ಬಂದರು. ಲೋಕಯ್ಯ ಒಬ್ಬನೇ ಉಳಿದ. ಬಿಗಿದ ಗಂಟು ಬಿಚ್ಚಲಾಗದೆ, ಬಿಳಿ ಮುಂಡಿನಲ್ಲೇ ಮೊಣಕಾಲೂರಿ ಒದ್ದೆ ಮರಳಿನ ಮೇಲೆ ಜಾರುತ್ತ ಬಂದ.

ಎಲ್ಲರಿಗಿಂತ ಮುಂದಿದ್ದ ಪ್ರವೀತ್ ಅಕ್ಕನತ್ತ ತಿರುಗಿದ. "ಅಕ್ಕ, ವಿಸಿಲ್ ಆದ ಕೂಡಲೇ ಬಿಡ್ತೇನೆ. ನಾನು ಕಲ್ತಿದ್ದೇನೆ."

ನಮಿತಾ ವಿಸಿಲನ್ನು ಬಾಯಿಂದ ತೆಗೆದು ಮುಷ್ಟಿಯೊಳಗೆ ಇಟ್ಟುಕೊಂಡಳು.

"ಇನ್ನೂ ಆಗ್ಲಿಲ್ಲ," ಎಂದಳು. "ಎಳಿ."