ಕುಟ್ಟೆ ಬಿದ್ದ ಮಂಚ

ಗಂಡ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪುಡಿಯನ್ನೆಲ್ಲ ಬಳಿದುಬಿಡಬೇಕಿತ್ತು. ಅವಳು ಮಂಚದ ಕೆಳಗೆ ಅರ್ಧ ಮೈ ತೂರಿಸಿ, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದಳು. ಜರಡಿ ಹಿಡಿದ ಹಿಟ್ಟಿನಂಥ ಪುಡಿ. ನಿನ್ನೆ ಒರೆಸಿದ ಜಾಗದಲ್ಲೇ ಮತ್ತೆ ಸಣ್ಣ ಸಣ್ಣ ಗುಪ್ಪೆ.

“ಇವತ್ತೂ ಉದುರಿದೆಯಾ?”

ನೀರು ತೊಟ್ಟಿಕ್ಕುವ ಪಾದಗಳು ಅವಳ ಮುಖದ ಪಕ್ಕದಲ್ಲೇ ಬಂದು ನಿಂತಿದ್ದವು.

“ಸ್ವಲ್ಪ.”

ಗಂಡ ದಿಂಬಿನ ಮೇಲಿದ್ದ ಕಂದು ಹುಳುವನ್ನು ಕಾಗದದ ಚೂರಿನಿಂದ ಎತ್ತಿ ಅವಳ ಮುಂದೆ ಹಿಡಿದ. “ತಗೋ, ನಿಮ್ಮಪ್ಪ ಕೊಟ್ಟ ಉಡುಗೊರೆ.”

ಅಪ್ಪ ಬಡಗಿ. ಅವರ ಬೀದಿಯ ಅರ್ಧದಷ್ಟು ಬಾಗಿಲುಗಳು ಅವರ ಕೈಯವೇ. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾದಾಗ ಮಾತು ಬಿಟ್ಟಿದ್ದರು. ಬಹಳ ಕಾಲದ ಮೇಲೆ ಒಂದು ದಿನ, ತಾವೇ ಮಾಡಿದ ಮಂಚವನ್ನು ಗಾಡಿಗೆ ಹೇರಿಸಿ ತಂದು, ತಾವೇ ಜೋಡಿಸಿ, ಒಂದು ಲೋಟ ನೀರು ಕುಡಿದು ಹೊರಟುಹೋಗಿದ್ದರು. ಅವತ್ತು ಅವಳು ಮಂಚಕ್ಕೆ ಕೆನ್ನೆಯಾನಿಸಿ ಅತ್ತಿದ್ದಳು. ಅಪ್ಪನ ಸಿಟ್ಟು ಇಳಿಯಿತು ಅಂದುಕೊಂಡಿದ್ದಳು.

ಮಂಚ ಹಳತಾಗುವ ಮೊದಲೇ ಅದರ ಕಾಲುಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಸೀಮೆಎಣ್ಣೆ ಹಚ್ಚಿದಳು. ಮೇಣ ತುಂಬಿದಳು. ಒಂದನ್ನು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು. ಔಷಧಿ ಹೊಡೆಯುವವನು ಬಗ್ಗಿ ನೋಡಿ ತಲೆಯಾಡಿಸಿದ. “ಮೇಲೆ ಹೊಡೆದು ಏನು ಉಪಯೋಗ ಅಕ್ಕಾ? ಕುಟ್ಟೆಹುಳ ಮರದ ಜೊತೇಲೇ ಬಂದಿದೆ. ಒಳಗೆಲ್ಲ ಟೊಳ್ಳು.”

ಫೋನಿನಲ್ಲಿ ಅಪ್ಪ ಊಟ ಆಯ್ತಾ ಎಂದು ಕೇಳುತ್ತಿದ್ದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊಟ ಆಯ್ತಾ ಎನ್ನುತ್ತಿದ್ದರು. ಮಂಚದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಯಾರದೋ ಮನೆಗೆ ಕಿಟಕಿ ಮಾಡಿಕೊಟ್ಟರೂ ಆಮೇಲೆ ಹೋಗಿ ಮುಟ್ಟಿ ನೋಡಿ ಬರುವ ಮನುಷ್ಯ.

ಮರದವನೇ ಅಪ್ಪನಿಗೆ ಮೋಸ ಮಾಡಿರಬೇಕು ಎಂದುಕೊಂಡು, ಅವಳು ಡಿಪೋಗೆ ಹೋಗಿ ಜೋರು ಮಾಡಿದಳು.

“ನನ್ನ ಮೇಲೆ ಯಾಕಮ್ಮ ರೇಗ್ತೀಯ?” ಎಂದ ಡಿಪೋದವನು. “ಅದು ಕೆಚ್ಚಿಲ್ಲದ ಬಿಳಿ ಮರ, ಇನ್ನೂ ಹಸಿ, ಬೇಡ ಅಂತ ನಾನೇ ಬಡ್ಕೊಂಡೆ. ಇರಲಿ ಹಾಕಯ್ಯ ಅಂದ್ರು. ಬೆಳಿಗ್ಗೆ ಅಳತೆ ಕೊಟ್ಟು ಹೋದವರು ಮಧ್ಯಾಹ್ನ ಬಂದು ಮತ್ತೆ ಅದೇ ಅಳತೆ ಕೊಟ್ರು. ಅಷ್ಟು ಅವಸರ! ಮಗಳ ಮನೆಗೆ ಅಂತ ಗೊತ್ತಿದ್ರೆ ನಾನು ಕೊಡ್ತಾನೇ ಇರಲಿಲ್ಲ.”

ಮನೆಗೆ ಬಂದು ಹೇಳಿದಾಗ ಗಂಡ ಚಪ್ಪಲಿ ಕಳಚುತ್ತಲೇ ಅಂದ: “ಮರ ಗೊತ್ತಿಲ್ಲದ ಮನುಷ್ಯನಾ ಅವರು? ಬೇಕಂತಲೇ ಮಾಡಿದ್ದು. ನಮ್ಮ ಸಂಸಾರ ಹೀಗೇ ಪುಡಿಯಾಗಲಿ ಅಂತ.”

ಅವಳು ಒರೆಸುವ ಬಟ್ಟೆ ಒದ್ದೆ ಮಾಡಿಕೊಂಡು ಮತ್ತೆ ಮಂಚದ ಕೆಳಗೆ ತೂರಿದಳು.

ಭಾನುವಾರ ಅಪ್ಪ ಬಂದರು. ಬಸ್ಸಿನಿಂದ ಬೇರೆಲ್ಲೋ ಇಳಿದು, ಬಿಸಿಲಲ್ಲಿ ಅಲೆದು, ಅಂಗಿಯೆಲ್ಲ ಬೆವರಾಗಿತ್ತು. ಕೂತು ದಣಿವಾರಿಸಿಕೊಳ್ಳಲೂ ಬಿಡದೆ ಅವಳು ಅವರ ಕೈ ಹಿಡಿದು ಕೋಣೆಗೆ ಕರೆದೊಯ್ದಳು. ಹಾಸಿಗೆ ಎತ್ತಿದಳು.

“ಅಪ್ಪಾ, ಇದನ್ನ ನೋಡು.”

ಗಂಡ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

ಅಪ್ಪ ಕುಕ್ಕರಗಾಲಲ್ಲಿ ಕೂತರು. ಬೆರಳ ಗೆಣ್ಣಿನಿಂದ ಮರ ತಟ್ಟಿ ಕಿವಿಗೊಟ್ಟರು. ಉಗುರಿನಿಂದ ಕೆರೆದು ಮೂಸಿದರು. ಅವರ ಮುಖ ಕೆಂಪೇರಿತು.

“ಯಾವನಮ್ಮಾ ಇದನ್ನ ಮಾಡಿದವನು? ಇಂಥ ಮರ ಹಾಕೋಕೆ ಅವನಿಗೆ ಮನಸ್ಸಾದರೂ ಹೇಗೆ ಬಂತು?”

ಗಂಡ ಸಣ್ಣಗೆ ನಕ್ಕ. ಎಂಥ ನಾಟಕ ಎಂದು ಅವಳಿಗೂ ಅನ್ನಿಸಿತು. ಆದರೆ ಅಪ್ಪ ತಲೆಯೆತ್ತಿದಾಗ ಆ ಕಣ್ಣಲ್ಲಿ ನೀರಿತ್ತು. ಕುಳಿತಲ್ಲಿಂದಲೇ ಅವಳ ಸೆರಗಿನ ತುದಿ ಹಿಡಿದು, ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು:

“ನನ್ನ ಮೇಲೆ ಇನ್ನೂ ಸಿಟ್ಟಾ ಮಗಳೇ? ನನಗೊಂದು ಮಾತು ಹೇಳಿದ್ರೆ, ನಿನ್ನ ಮನೆಗೆ ಒಂದು ಮಂಚ ನಾನೇ ಮಾಡಿಕೊಡ್ತಿರಲಿಲ್ವಾ?”