ದಲ್ಲಾಳಿಯ ದೀಕ್ಷಾಸ್ನಾನ

ಇಪ್ಪತ್ತು ವರ್ಷ ಸುಳ್ಳಿನ ಮೇಲೇ ಬದುಕಿದ ದನದ ದಲ್ಲಾಳಿ ಗುಡದಪ್ಪನಿಗೆ ಯೇಸುವಿನ ಹುಚ್ಚು ಹಿಡಿಯಿತು. "ಸಾಯೋದ್ರೊಳಗ ಒಮ್ಮೆ ಖರೇ ಮನಷಾ ಆಗಬೇಕ್ರಿ," ಎಂದು ಪಾಸ್ಟರ್ ಮನೆ ಬಾಗಿಲಲ್ಲಿ ಹೋಗಿ ಕೂತ.

"ಒಂದು ವಾರ ಸುಳ್ಳು ಹೇಳಬ್ಯಾಡ. ಒಂದ ಒಂದು ಹೇಳಿದ್ರೂ ದೀಕ್ಷಾಸ್ನಾನ ಇಲ್ಲ," ಎಂದರು ಪಾಸ್ಟರ್.

ಐದು ದಿನ ಸತ್ಯ ಹೇಳಿ ಹೇಳಿ ಗುಡದಪ್ಪನಿಗೆ ಕುಡಿದವನ ಹಾಗೆ ತಲೆ ತೇಲುತ್ತಿತ್ತು. ಶನಿವಾರದ ಸಂತೆಗೆ ಪಾಸ್ಟರೇ ಎಮ್ಮೆ ಕೊಳ್ಳಲು ಬಂದು, ಅವನ ಕರೀ ಎಮ್ಮೆಯ ಬೆನ್ನು ಸವರಿದರು.

"ಬ್ಯಾಡ್ರಿ ಪಾಸ್ಟರ್ರ, ಅದು ಒದಿತೈತಿ. ಹಾಲೂ ಅಷ್ಟಕ್ಕಷ್ಟ."

ಪಾಸ್ಟರ್ ನಕ್ಕರು. ದಲ್ಲಾಳಿ ಎಮ್ಮೆಯನ್ನು ಹಳಿದನೆಂದರೆ ಬೇರೆ ಗಿರಾಕಿಗೆ ತೆಗೆದಿಟ್ಟಿದ್ದಾನೆಂದೇ ಅರ್ಥ, ಅದು ಇಡೀ ಸಂತೆಗೆ ಗೊತ್ತು. "ಯಾರಿಗೆ ಇಟ್ಕೊಂಡೀಯೋ? ನನಗ ಕೊಡು."

"ಖರೇನ ಹೇಳಾಕತ್ತೀನ್ರಿ."

"ಗೊತ್ತೈತಿ ತಗೋ ನಿನ್ನ ಖರೇ," ಎಂದು ಸಂತೆಯ ರೂಢಿಯಂತೆ ಟವೆಲ್ಲಿನಡಿ ಅವನ ಬೆರಳು ಹಿಡಿದು ಗುಟ್ಟಾಗಿ ಬೆಲೆ ತಿಳಿಸಿ ವ್ಯಾಪಾರ ಮುಗಿಸಿಯೇಬಿಟ್ಟರು.

ಭಾನುವಾರ ಗುಡದಪ್ಪ ಕೆರೆಯಲ್ಲಿ ಎದೆಮಟ್ಟದ ನೀರಿಗಿಳಿದು ನಡುಗುತ್ತ ನಿಂತಿದ್ದ. ಪಾಸ್ಟರ್ ಕುಂಟುತ್ತ ಇಳಿದು ಬಂದರು. ದಡದ ಮೇಲೆ ಸಭೆಯವರು ಹಾಡು ನಿಲ್ಲಿಸಿದರು.

"ಸತ್ಯವನ್ನು ನಂಬುತ್ತೀಯಾ?"

"ನಂಬ್ತೀನ್ರಿ. ನೀವು?"

ಪಾಸ್ಟರ್ ಮೂಗು ಹಿಡಿದುಕೊಂಡು ತಾವೇ ಮೊದಲು ಮುಳುಗಿದರು.