ಇದ್ದಿಲಿನ ಗೀಟು

ಸ್ವಾಮಿ ಸ್ವಿಚ್ಚು ಒತ್ತಿದ್ದೇ ತಡ, ಎದುರಿನ ಬಿಳಿ ಗೋಡೆ ಹಗಲಾಯಿತು. ಫೋರ್ ವೀಲ್ ಡ್ರೈವ್ ಜೀಪಿಗೆ ಅವತ್ತೇ ಚನ್ನಪಟ್ಟಣದಲ್ಲಿ ಹೊಸ ಹೆಡ್‌ಲೈಟು ಹಾಕಿಸಿಕೊಂಡು ಬಂದಿದ್ದ. "ನೋಡೇ, ಬೆಳಕು ಅಂದ್ರೆ ಇದು" ಎಂದು ಹೆಂಡತಿ ಪ್ರತಿಮಾಳ ಕಡೆ ತಿರುಗಿ ಹಲ್ಲು ಬಿಟ್ಟ.

ಹಲ್ಲು ಬಿಡಲು ಕಾರಣವಿತ್ತು. ಹೋದ ವಾರ ಊರಾಚೆಯ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಮುದುಕನೊಬ್ಬ ಬಂಪರಿಗೆ ಮೊಳ ದೂರವಿದ್ದಾಗ ಕಣ್ಣಿಗೆ ಬಿದ್ದಿದ್ದ. ಹಳೆಯ ಲೈಟುಗಳು ಇದ್ದವೇ ಹೊರತು ಉರಿಯುತ್ತಿದ್ದವು ಎನ್ನುವ ಹಾಗಿರಲಿಲ್ಲ. ಅವತ್ತಿನಿಂದ ಕತ್ತಲಾದ ಮೇಲೆ ಸ್ವಾಮಿ ಜೀಪು ಹೊರಗೆ ತೆಗೆದಿರಲಿಲ್ಲ. ಹೊಸ ಲೈಟು ಹಾಕಿದ ಮುಕ್ತಿಯಾರ್ ಕಳಿಸುವಾಗ ಹೇಳಿದ್ದ: "ಬೆಳಕಿನ ಎತ್ತರ ಹಗಲಲ್ಲಿ ಗೊತ್ತಾಗಲ್ಲ ಅಣ್ಣ. ಮೂರುಸಂಜೆ ಹೊತ್ತಲ್ಲಿ ಒಂದು ಗೋಡೆಗೆ ಬಿಟ್ಟು ನೋಡಿ, ಈ ಸ್ಕ್ರೂ ತಿರುಗಿಸಿ ತಗ್ಗಿಸ್ಕೊಳಿ." ಹೊಂಗನೂರಿನ ಅವನ ಬೀದಿಯಲ್ಲಿ ಈಚೆಗೆ ಸುಣ್ಣ ಕಂಡ ಗೋಡೆ ಒಂದೇ. ಅದು ಪಕ್ಕದ ಮನೆಯ ದೊಡ್ಡವ್ವ ಶಿವಲಿಂಗಮ್ಮನ ರೇಷ್ಮೆ ಹುಳುಮನೆಯ ಗೋಡೆ. ಸ್ವಾಮಿ ಜೀಪನ್ನು ಅದರ ಎದುರಿಗೆ ನಿಲ್ಲಿಸಿ, ಒಂದು ಸ್ಕ್ರೂ ಆ ಕಡೆ, ಒಂದು ಈ ಕಡೆ ತಿರುಗಿಸುತ್ತಾ ಅರ್ಧ ಗಂಟೆ ಕಳೆದ.

"ಆರ್ಸ್ಲಾ! ಲೇ ಸ್ವಾಮಿ, ಆರ್ಸ್ಲಾ ಅದ್ನ!"

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಶಿವಲಿಂಗಮ್ಮ ಚೊಂಬು ಅಲ್ಲೇ ಬಿಟ್ಟು ಓಡಿ ಬಂದು, ಎರಡೂ ಕೈ ಅಗಲಿಸಿ ಹುಳುಮನೆಯ ಕಿಟಕಿಗೆ ಅಡ್ಡ ನಿಂತಿದ್ದಳು. "ಬೆಳಿಗ್ಗೆ ತಾನೆ ಹಣ್ಣಾದ ಹುಳ ಎಲ್ಲಾನೂ ಗೂಡು ಕಟ್ಲಿ ಅಂತ ಚಂದ್ರಿಕೆಗೆ ಬುಟ್ಟಿವ್ನಿ. ಒಸಿ ಗಾಳಿ ಆಡ್ಲಿ ಅಂತ ಕಿಟಕಿ ಗೋಣಿತಾಟು ಎತ್ತಿದ್ರೆ, ಸೂರ್ಯನ್ನೇ ಒಳಿಕ್ಕೆ ಬುಟ್ಬುಟ್ಯಲ್ಲೋ!"

ಸ್ವಾಮಿ ಓಡಿಹೋಗಿ ಸ್ವಿಚ್ಚು ಆರಿಸಿದ. ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವನು ಅವನು. ಗೂಡು ಕಟ್ಟುವ ಹುಳಕ್ಕೆ ಬೆಳಕು ಆಗದು ಎಂಬುದು ಆ ಬೀದಿಯ ಕೂಸಿಗೂ ಗೊತ್ತು. ಹೊಸ ಲೈಟಿನ ಸಂಭ್ರಮದಲ್ಲಿ ಅದು ಅವನೊಬ್ಬನಿಗೆ ಮರೆತುಹೋಗಿತ್ತು.

ಮೂವರೂ ಒಳಗೆ ಹೋಗಿ ಮೊಬೈಲಿನ ಟಾರ್ಚಿಗೆ ಬೆರಳು ಅಡ್ಡ ಹಿಡಿದು ನೋಡಿದರು. ಗೋಡೆಗೆ ಒರಗಿಸಿದ್ದ ಬಿದಿರು ಹೆಣೆದ ಚಂದ್ರಿಕೆ ತಟ್ಟಿಗಳಲ್ಲಿ ಕಿಟಕಿಯ ಕಡೆಯ ಅರ್ಧ ಖಾಲಿ. ಬಸ್ಸಿನಲ್ಲಿ ನೆರಳಿನ ಕಡೆಯ ಸೀಟಿಗೆ ಜನ ಮುಗಿಬೀಳುವಂತೆ ಹುಳುಗಳೆಲ್ಲ ಆಚೆ ಅರ್ಧಕ್ಕೆ ಸರಿದು ಒಂದರ ಮೇಲೊಂದು ಬಿದ್ದಿದ್ದವು. ಹಾಗೇ ಬಿಟ್ಟರೆ ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಗೂಡಿನ ನೂಲು ಸಿಕ್ಕಾಗುತ್ತದೆ, ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ. ಹಿಂದಿನ ಬೆಳೆ ಸುಣ್ಣಕಟ್ಟು ರೋಗ ಬಂದು ಪೂರಾ ಗುಂಡಿ ಸೇರಿತ್ತು. ಈ ಸಲ ಶಿವಲಿಂಗಮ್ಮ ಇಪ್ಪತ್ತೈದು ದಿನ ಹುಳುಗಳ ಪಕ್ಕದಲ್ಲೇ ಮಲಗಿ ಸಾಕಿದ್ದಳು.

"ತಪ್ಪಾಯ್ತು ದೊಡ್ಡವ್ವ" ಎಂದ ಸ್ವಾಮಿ.

ಶಿವಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬೆಳಕಿಗೆ ಹೆದ್ರಿ ಹೋದೋವು ಬೆಳಕಿಗೆ ಹೆದ್ರೇ ವಾಪಸ್ ಬತ್ತವೆ. ಪ್ರತಿಮಾ, ಚಂದ್ರಿಕೆ ಎಲ್ಲಾ ತಿರುಗ್ಸವ್ವ, ಹುಳ ಇರೋ ಕಡೆ ಕಿಟಕಿಗೆ ಬರ್ಲಿ. ಲೇ, ನೀ ಹೋಗಿ ಲೈಟ್ ಹಾಕು. ಸೂರ್ಯ ಬ್ಯಾಡ, ಚಂದ್ರ ಸಾಕು."

ಸ್ವಾಮಿ ಲೈಟುಗಳ ಮೇಲೆ ಎರಡೆರಡು ಗೋಣಿಚೀಲ ಹೊದಿಸಿದ. ಬೆಳದಿಂಗಳಿನಷ್ಟು ಬೆಳಕು ಕಿಟಕಿಯಲ್ಲಿ ಇಳಿಯಿತು. "ಇನ್ನೊಸಿ ಕಮ್ಮಿ ಮಾಡ್ಲಾ" ಎಂದು ಒಳಗಿನಿಂದ ಕೂಗು. ಇನ್ನೊಂದು ಚೀಲ. ಆಮೇಲೆ ಕಾಯುವುದೊಂದೇ ಕೆಲಸ. ಹೊರಗೆ ಬಾನೆಟ್ಟಿಗೆ ಒರಗಿ ನಿಂತ ಸ್ವಾಮಿ ಗೊತ್ತಿದ್ದ ದೇವರಿಗೆಲ್ಲ ಕೈ ಮುಗಿದ. ಮುಕ್ಕಾಲು ಗಂಟೆ ಕಳೆದ ಮೇಲೆ ಪ್ರತಿಮಾ ಬಾಗಿಲಿಗೆ ಬಂದಳು.

"ರೀ, ಎಲ್ಲಾ ಹರಡ್ಕೊಂಡವೆ. ಒಂದೊಂದೇ ಜಾಗ ಹಿಡ್ದು ನೂಲು ಬುಡ್ತಾ ಅವೆ."

ಸ್ವಾಮಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಶಿವಲಿಂಗಮ್ಮ ಹೊರಗೆ ಬಂದು ಮೊದಲು ಗೋಣಿತಾಟು ಇಳಿಬಿಟ್ಟಳು. ಆಮೇಲೆ ಒಲೆಯಿಂದ ಒಂದು ಇದ್ದಿಲು ತಂದು, ಕಿಟಕಿಗಿಂತ ಗೇಣು ಕೆಳಗೆ, ಹೊಸ ಸುಣ್ಣದ ಮೇಲೆ ಈ ತುದಿಯಿಂದ ಆ ತುದಿಗೆ ಗೀಟೆಳೆದಳು.

"ನಿನ್ ಬೆಳಕು ಇದ್ನ ದಾಟ್ಕೂಡ್ದು."

ಸ್ವಾಮಿ ಚೀಲ ತೆಗೆದು, ಬೆಳಕಿನ ಮೇಲಂಚು ಗೀಟಿಗೆ ಕೂರುವ ತನಕ ಸ್ಕ್ರೂ ತಿರುಗಿಸಿದ. "ತುಂಬ ತಗ್ಗಾಯ್ತೇನೋ ದೊಡ್ಡವ್ವ" ಎಂದು ರಾಗ ಎಳೆದ.

"ನಿಂಗೆ ದಾರಿ ಕಂಡ್ರೆ ಸಾಕಲ್ವೇನ್ಲಾ? ಎದ್ರುಗಡೆ ಬರೋನ್ಗೂ ಕಣ್ಣವೆ."

ಆರನೆಯ ದಿನ ನಸುಕಿನಲ್ಲಿ ಗೂಡಿನ ಮೂಟೆಗಳು ಜೀಪು ಹತ್ತಿದವು. ಆರಿಸಿ ತೆಗೆದ ಜೋಡಿ ಗೂಡು ಎಲ್ಲ ಸೇರಿದರೂ ಮುಂದಿನ ಸೀಟಿನಲ್ಲಿ ಕುಳಿತ ಶಿವಲಿಂಗಮ್ಮನ ಮಡಿಲು ತುಂಬಲಿಲ್ಲ. ರಾಮನಗರದ ಗೂಡಿನ ಮಾರ್ಕೆಟ್ಟಿನ ದಾರಿಯ ಉದ್ದಕ್ಕೂ ರಸ್ತೆಯ ಎರಡೂ ಅಂಚು ನಿಚ್ಚಳವಾಗಿ ಕಾಣುತ್ತಿದ್ದವು. ಎದುರಿಗೆ ಬಂದ ಒಬ್ಬ ಡ್ರೈವರೂ ಲೈಟು ಮಿಟುಕಿಸಿ ಬೈಯಲಿಲ್ಲ. ಕಿರಿದಾದ ಸೇತುವೆಯ ಹತ್ತಿರ ದಾರಿ ಬಿಟ್ಟು ನಿಂತಿದ್ದ ಹಾಲಿನ ಟೆಂಪೋದವನು ತಲೆ ಹೊರಗೆ ಹಾಕಿ ಕೇಳಿದ, "ಅಣ್ಣೋ, ಇಷ್ಟು ಬೆಳಕೈತೆ, ಕಣ್ಗೆ ಒಸೀನೂ ಹೊಡಿಯಕ್ಕಿಲ್ವಲ್ಲ! ಎಲ್ಲಿ ಸೆಟ್ ಮಾಡಿಸ್ದೆ?"

ಸ್ವಾಮಿ ಬಾಯಿ ತೆರೆಯುವ ಮೊದಲೇ, ಮಡಿಲಿನ ಗೂಡುಗಳನ್ನು ಜೋಪಾನವಾಗಿ ಹಿಡಿದುಕೊಂಡು ಶಿವಲಿಂಗಮ್ಮ ಮುಂದೆ ಬಗ್ಗಿದಳು.

"ನಮ್ ಹುಳುಮನೆ ಗೋಡೆ ತಾವ ಬಾರಪ್ಪ, ಗೀಟೈತೆ. ಹುಳ ಹಣ್ಣಾಗಿರೋ ದಿನ ಒಂದ್ನ ಬುಟ್ಟು."